ಅರ್ಧ ಓದಿದ ಪುಸ್ತಕ ಹಿಡಿದು ಬನ್ನಿ

ಪುಸ್ತಕ ಬಿಡುಗಡೆಯ ಸಮಾರಂಭಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಬಣ್ಣದ ಕಾಗದ ಬಿಚ್ಚಿ, ಫೋಟೊಗೆ ಪುಸ್ತಕ ಎತ್ತಿ ಹಿಡಿದು, ಶಾಲು-ಹಾರ ಎಲ್ಲ ಆದಮೇಲೆ ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತು, 'ಕ್ಷಮಿಸಬೇಕು, ಕೃತಿಯನ್ನು ಪೂರ್ತಿ ಓದಲಾಗಲಿಲ್ಲ, ಅರ್ಧ ಓದಿದ್ದೇನೆ' ಎನ್ನುತ್ತಾರೆ. ಆಮೇಲೆ ಆ ಅರ್ಧದ ಸುದ್ದಿಯನ್ನೂ ಎತ್ತದೆ, ಕನ್ನಡದ ಸ್ಥಿತಿಗತಿ, ಮೊಬೈಲಿನ ಹಾವಳಿ, ಲೇಖಕರ ತಂದೆಯವರ ಜೊತೆ ತಮಗಿದ್ದ ಒಡನಾಟ ಎಂದು ಮುಕ್ಕಾಲು ಗಂಟೆ ಕಳೆಯುತ್ತಾರೆ. ಓದಿದ ಆ ಅರ್ಧದ ಬಗ್ಗೆಯೇ ಐದು ನಿಮಿಷ ಮಾತಾಡಿದ್ದರೆ ಸಭೆಯಲ್ಲಿದ್ದವರಲ್ಲಿ ನಾಲ್ಕು ಜನವಾದರೂ ಪುಸ್ತಕ ಕೊಂಡು ಹೋಗುತ್ತಿದ್ದರು.

ಓದಿ ಮುಗಿಸಿದವರ ಮಾತೇ ಬೇರೆ, ಓದುತ್ತಿರುವವರ ಮಾತೇ ಬೇರೆ. ಮುಗಿಸಿದವರು ತೀರ್ಪು ಕೊಡುತ್ತಾರೆ: ಚೆನ್ನಾಗಿದೆ, ಪರವಾಗಿಲ್ಲ, ಕೊನೆ ಯಾಕೋ ಸರಿಹೋಗಲಿಲ್ಲ. ಅಲ್ಲಿಗೆ ಮಾತು ಮುಗಿಯಿತು. ನಡುವೆ ಇರುವವರಿಗೆ ಇನ್ನೂ ಏನೂ ತೀರ್ಮಾನವಾಗಿರುವುದಿಲ್ಲ. ಒಂದು ಪಾತ್ರದ ಮೇಲೆ ಸಿಟ್ಟು ಬಂದಿರುತ್ತದೆ, ಯಾವುದೋ ಘಟನೆ ಯಾಕೆ ಬಂತೆಂದು ಗೊತ್ತಾಗಿರುವುದಿಲ್ಲ, ನಿನ್ನೆ ರಾತ್ರಿ ಓದಿದ ಒಂದು ಪುಟ ಬೆಳಗಿನಿಂದ ತಲೆಯಲ್ಲೇ ಸುತ್ತುತ್ತಿರುತ್ತದೆ. ಕೇಳುವವರಿಗೆ ಪುಸ್ತಕದ ಮೇಲೆ ಆಸೆ ಹುಟ್ಟುವುದು ಇಂಥ ಮಾತಿನಿಂದ. ಅದಕ್ಕೇ 'ಈಗ ಏನು ಓದುತ್ತಿದ್ದೀರಿ?' ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ತಿಂಗಳಿಗೊಮ್ಮೆ ಸೇರುವ ಸಣ್ಣ ಕೂಟ ನಿಮ್ಮ ಬೀದಿಯಲ್ಲಿ, ಕಚೇರಿಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಇರಲಿ ಎನ್ನುತ್ತೇನೆ. ಅದನ್ನು ಕಟ್ಟುವುದು ಹೇಗೆ, ಎಲ್ಲಿ ಕೆಡುತ್ತದೆ ಎನ್ನುವುದಷ್ಟೇ ಈ ಬರಹದ ವಿಷಯ.

ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬಂದು ಚರ್ಚಿಸುವ ಬುಕ್ ಕ್ಲಬ್ ಪದ್ಧತಿ ನಗರಗಳಲ್ಲಿ ಇದೆ. ಅದನ್ನು ಬೇಡವೆನ್ನುವುದಿಲ್ಲ. ಆದರೆ ಕನ್ನಡ ಪುಸ್ತಕಗಳ ಮಟ್ಟಿಗೆ ಅದಕ್ಕೊಂದು ತೊಡಕಿದೆ, ಹತ್ತು ಜನಕ್ಕೆ ಒಂದೇ ಸಲ ಹತ್ತು ಪ್ರತಿ ಸಿಗುವುದೇ ಕಷ್ಟ. ಹೊಸ ಕಾದಂಬರಿ ಸಾಮಾನ್ಯವಾಗಿ ಸಾವಿರ ಪ್ರತಿಯ ಆಸುಪಾಸಿನಲ್ಲಿ ಅಚ್ಚಾಗುತ್ತದೆ. ಸ್ವಲ್ಪ ಹಳೆಯದಾದರೆ ಅಂಗಡಿಯವರು 'ಮುಗಿದಿದೆ ಸಾರ್, ಮರುಮುದ್ರಣ ಬರಬೇಕು' ಎಂದು ಕೈಯಾಡಿಸುತ್ತಾರೆ. ಇನ್ನೊಂದು ತೊಡಕು ಮನುಷ್ಯರದು. ಪುಸ್ತಕ ಮುಗಿಸಲಾಗದವರು ಮುಜುಗರದಿಂದ ಆ ತಿಂಗಳು ಬರುವುದಿಲ್ಲ, ಮರುತಿಂಗಳೂ ಬರುವುದಿಲ್ಲ. ನಾಲ್ಕನೇ ತಿಂಗಳಿಗೆ ಸಂಚಾಲಕರೊಬ್ಬರೇ ಕಾಫಿ ಫ್ಲಾಸ್ಕಿನ ಜೊತೆ ಕೂತಿರುತ್ತಾರೆ. ನಾನು ಹೇಳುವ ಕೂಟದಲ್ಲಿ ಹೋಂವರ್ಕ್ ಇಲ್ಲ. ಮುಗಿಸದೇ ಇರುವುದೇ ಅರ್ಹತೆ.

ಇದೇನು ಹೊಸ ಆವಿಷ್ಕಾರವಲ್ಲ. ವಾರಪತ್ರಿಕೆಗಳಾದ 'ಸುಧಾ' 1965ರಲ್ಲಿ, 'ತರಂಗ' 1983ರಲ್ಲಿ ಹೊರಡಲು ಶುರುವಾದವು. ಧಾರಾವಾಹಿಗಳ ಆ ಕಾಲದಲ್ಲಿ ಊರಿಗೆ ಊರೇ ಮುಗಿಯದ ಕಾದಂಬರಿಯ ಬಗ್ಗೆ ಮಾತಾಡುತ್ತಿತ್ತು. ಮುಂದಿನ ಕಂತು ಬರುವವರೆಗೆ ಎಲ್ಲರೂ ಒಂದೇ ಜಾಗದಲ್ಲಿ ಕಾಯಬೇಕು. ಹಾಗಾಗಿ ನಲ್ಲಿ ನೀರಿನ ಸಾಲಿನಲ್ಲಿ, ಕಚೇರಿಯ ಊಟದ ಡಬ್ಬಿಯ ಸುತ್ತ, ನಾಯಕಿ ಆ ಗಂಡನ ಮನೆಗೆ ವಾಪಸು ಹೋಗಬೇಕೋ ಬೇಡವೋ ಎಂಬ ಜಗಳ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ 'ಅಟ್ಟ' ಸಾಹಿತಿಗಳ ಹರಟೆಗೆ ಹೆಸರಾದ ಜಾಗ. ಅಲ್ಲಿ ಕೂತು ಆಡಿದ ಮಾತುಗಳಿಂದಲೇ ಪುಸ್ತಕಗಳು ಹುಟ್ಟಿವೆ. ಈಚೆಗೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ 'ಕಬ್ಬನ್ ರೀಡ್ಸ್' ಹೆಸರಿನಲ್ಲಿ ಜನ ಚಾಪೆ ಹಾಸಿಕೊಂಡು ತಮ್ಮ ತಮ್ಮ ಪುಸ್ತಕ ಮೌನವಾಗಿ ಓದುತ್ತಾರೆ. ಕೊನೆಗೆ ಎಲ್ಲರ ಪುಸ್ತಕಗಳನ್ನೂ ನೆಲದ ಮೇಲೆ ಹರಡಿ ಫೋಟೊ ತೆಗೆಯುವುದು ಅಲ್ಲಿನ ರೂಢಿ. ಅದನ್ನು ನೋಡಿ ಬೇರೆ ಊರುಗಳಲ್ಲೂ ಇಂಥ ಕೂಟಗಳು ಎದ್ದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2012ರಲ್ಲಿ ಹುಟ್ಟಿದ ಸೈಲೆಂಟ್ ಬುಕ್ ಕ್ಲಬ್ ಕೂಡ ಇದೇ ಬಗೆಯದು. ಮೌನ ಒಳ್ಳೆಯದೇ. ಆದರೆ ನಮ್ಮ ಜನ ಒಂದೆಡೆ ಸೇರಿ ಮಾತಾಡದೆ ಎದ್ದು ಹೋಗುವುದುಂಟೇ? ಸ್ವಲ್ಪ ಓದು, ಹೆಚ್ಚು ಮಾತು ಎಂದಿಟ್ಟುಕೊಂಡರೆ ನಮಗೆ ಹೊಂದುತ್ತದೆ.

ಎಷ್ಟು ಜನ, ಎಲ್ಲಿ

ಆರರಿಂದ ಹತ್ತು ಜನ ಸಾಕು. ಹತ್ತು ಜನ ತಲಾ ಐದು ನಿಮಿಷ ಮಾತಾಡಿ, ಒಬ್ಬೊಬ್ಬರ ಮೇಲೂ ಎರಡು ಮೂರು ನಿಮಿಷ ಪ್ರಶ್ನೆ ಬಂದರೆ ಎಂಬತ್ತು ನಿಮಿಷಕ್ಕೆ ಬಂತು. ಅದಕ್ಕಿಂತ ಹೆಚ್ಚು ಹೊತ್ತು ಯಾರೂ ಕೂರುವುದಿಲ್ಲ, ಕೂರಿಸಲೂಬಾರದು. ಹದಿನೈದು ಜನ ಆಗತೊಡಗಿದರೆ ಎರಡು ಕೂಟ ಮಾಡಿ. ಸದಸ್ಯರ ಸಂಖ್ಯೆ ಹೆಚ್ಚಿಸುವ ಹಂಬಲಕ್ಕೆ ಬಿದ್ದ ಕೂಟ ಬೇಗ ಸಂಘವಾಗುತ್ತದೆ. ಸಂಘವಾದ ಮೇಲೆ ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ, ವಾರ್ಷಿಕೋತ್ಸವ. ಪುಸ್ತಕ ಓದಲು ಯಾರಿಗೂ ಪುರುಸೊತ್ತು ಉಳಿಯುವುದಿಲ್ಲ.

ಜಾಗದ ವಿಷಯಕ್ಕೆ ಬಂದರೆ, ಮೊದಲು ನಿಮ್ಮ ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಕೇಳಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಅದರ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ತೆರಿಗೆ ರಸೀದಿ ತೆಗೆದು ನೋಡಿದರೆ ಆ ಸಾಲು ಸಿಗುತ್ತದೆ. ನಮ್ಮ ದುಡ್ಡಿನಲ್ಲಿ ನಡೆಯುವ ಜಾಗದಲ್ಲಿ ತಿಂಗಳಿಗೆ ಒಂದೂವರೆ ಗಂಟೆ ಒಂದು ಮೂಲೆ ಕೇಳುವುದಕ್ಕೆ ಸಂಕೋಚ ಬೇಡ. ಓದುವ ಸಭಾಂಗಣದಲ್ಲಿ ಮಾತಿಗೆ ಅವಕಾಶ ಇರುವುದಿಲ್ಲ, ಅದು ನ್ಯಾಯವೇ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆಳಿಗ್ಗೆಯಿಂದ ಅಲ್ಲಿ ಕೂತಿರುತ್ತಾರೆ. ಹಾಗಾಗಿ ಪಕ್ಕದ ಕೋಣೆ, ವರಾಂಡ, ಮರದ ಕಟ್ಟೆ ಇದ್ದರೆ ಕೇಳಿ.

ಹಳ್ಳಿಗಳಲ್ಲಿ ದಾರಿ ಇನ್ನೂ ಸುಲಭ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಈಗ ಅವುಗಳ ಹೆಸರು 'ಅರಿವು ಕೇಂದ್ರ'. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳು ಅಲ್ಲಿಗೆ ಬರುವುದು ರೂಢಿಯಾಗಿದೆ. ದೊಡ್ಡವರು ಬರುವುದು ಕಡಿಮೆ, ಬಂದರೂ ದಿನಪತ್ರಿಕೆಗೆ ಮಾತ್ರ. ಗ್ರಂಥಾಲಯದ ಮೇಲ್ವಿಚಾರಕರ ಹತ್ತಿರ ಹೋಗಿ 'ನಾವು ಆರು ಜನ ಇದ್ದೇವೆ, ತಿಂಗಳಿಗೊಂದು ಸಂಜೆ ಸೇರುತ್ತೇವೆ' ಎಂದರೆ ಹೆಚ್ಚಿನವರು ಖುಷಿಪಡುತ್ತಾರೆ. ಅವರಿಗೂ ಪುಸ್ತಕಗಳು ಬೀರುವಿನಿಂದ ಹೊರಗೆ ಬರುವುದು ಬೇಕು. ಅವರನ್ನೂ ಕೂಟದಲ್ಲಿ ಕೂರಿಸಿಕೊಳ್ಳಿ, ಬರೀ ಬೀಗ ತೆಗೆಯಲಿಕ್ಕೆ ಕರೆಯಬೇಡಿ.

ಮನೆಯಲ್ಲೇ ಸೇರುವುದಾದರೆ ಒಂದು ಎಚ್ಚರಿಕೆ: ತಿಂಡಿಯ ಪೈಪೋಟಿ. ಮೊದಲ ತಿಂಗಳು ಚುರುಮುರಿ, ಎರಡನೆಯದಕ್ಕೆ ಬೋಂಡ, ಮೂರನೆಯದಕ್ಕೆ ಬಿಸಿಬೇಳೆಬಾತು. ನಾಲ್ಕನೆಯ ಮನೆಯ ಯಜಮಾನಿಗೆ ಪುಸ್ತಕಕ್ಕಿಂತ ಒಲೆಯ ಚಿಂತೆ. ಕಾಫಿ ಮತ್ತು ಕೋಡುಬಳೆ ಎಂದು ಮೊದಲ ದಿನವೇ ಕಡ್ಡಾಯ ಮಾಡಿಬಿಡಿ. ಅಡುಗೆಮನೆಯಲ್ಲಿ ಇರುವವರು ಕೂಟದ ಮಾತು ಕೇಳಿಸಿಕೊಳ್ಳಲಾಗದಿದ್ದರೆ ಆ ಮನೆಯಲ್ಲಿ ಕೂಟ ನಡೆಸಿದ್ದೇ ದಂಡ.

ಐದು ನಿಮಿಷದಲ್ಲಿ ಏನು ಹೇಳುವುದು

ಇಲ್ಲಿಯೇ ಎಲ್ಲರೂ ಎಡವುವುದು. ಪುಸ್ತಕದ ಬಗ್ಗೆ ಮಾತಾಡಿ ಎಂದರೆ ನಾವು ಶಾಲೆಯಲ್ಲಿ ಕಲಿತಂತೆ ಸಾರಾಂಶ ಒಪ್ಪಿಸಲು ಶುರುಮಾಡುತ್ತೇವೆ. 'ಒಂದೂರಿನಲ್ಲಿ ಒಬ್ಬ ಜಮೀನ್ದಾರ...' ಎಂದು ಹೊರಟರೆ ಐದು ನಿಮಿಷದಲ್ಲಿ ಮೂರನೇ ಅಧ್ಯಾಯಕ್ಕೂ ಮುಟ್ಟುವುದಿಲ್ಲ, ಕೇಳುವವರು ಕಿಟಕಿ ನೋಡುತ್ತಾರೆ. ಕೂಟದ ಮೊದಲ ನಿಯಮ: ಕಥೆ ಹೇಳಕೂಡದು.

ಹಾಗಾದರೆ ಏನು ಹೇಳುವುದು? ಪುಸ್ತಕದ ಹೆಸರು, ಬರೆದವರು, ಈಗ ಎಷ್ಟನೇ ಪುಟದಲ್ಲಿದ್ದೀರಿ, ಅದು ನಿಮ್ಮ ಕೈಗೆ ಬಂದದ್ದು ಹೇಗೆ. ಆಮೇಲೆ ಒಂದು ಪ್ಯಾರಾ ಗಟ್ಟಿಯಾಗಿ ಓದಿ. ಕೊನೆಗೆ, ಅದರಲ್ಲಿ ನಿಮ್ಮನ್ನು ಕಾಡುತ್ತಿರುವುದು ಏನು. ಅದೇ ಮುಖ್ಯ, ಅದನ್ನು ಮಾತ್ರ ಬಿಡಬೇಡಿ.

ಒಂದು ಉದಾಹರಣೆ ಕೊಡುತ್ತೇನೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಎತ್ತಿಕೊಂಡವರಲ್ಲಿ ಬಹಳ ಜನ ಮೊದಲ ನೂರೈವತ್ತು ಪುಟದೊಳಗೆ ನಿಲ್ಲಿಸುತ್ತಾರೆ. ಕಾರಣ ಭಾಷೆಯಲ್ಲ, ಜನ. ಸಿಂಬಾವಿ ಯಾವುದು, ಬೆಟ್ಟಳ್ಳಿ ಯಾವುದು, ಕೋಣೂರು ಯಾವುದು, ಯಾವ ಗೌಡರು ಯಾವ ಮನೆಯವರು ಎಂದು ಕಲಸಿಹೋಗುತ್ತದೆ. ಒಬ್ಬಳು ಹುಡುಗಿ ಕೂಟದಲ್ಲಿ 'ನನಗೆ ಹೆಸರುಗಳೇ ನೆನಪಿರುತ್ತಿಲ್ಲ, ಬಿಟ್ಟುಬಿಡೋಣ ಅನ್ನಿಸಿದೆ' ಎಂದಳೆನ್ನಿ. ಆಗ ಅದನ್ನು ಎರಡು ಸಲ ಓದಿದ ಹಿರಿಯರೊಬ್ಬರು, 'ಒಂದು ಹಾಳೆಯಲ್ಲಿ ಮನೆಗಳ ಹೆಸರು ಬರೆದು, ಅದರ ಕೆಳಗೆ ಆ ಮನೆಯ ಜನರನ್ನು ಬರೆದುಕೊಳ್ಳಮ್ಮ, ಇನ್ನು ಸ್ವಲ್ಪ ದೂರ ಹೋದರೆ ಹಾಳೆ ಬೇಕಾಗಲ್ಲ' ಎನ್ನುತ್ತಾರೆ. ಆ ಒಂದು ಮಾತಿನಿಂದ ಒಂದು ಓದು ಉಳಿಯಿತು. ಪುಸ್ತಕ ಮುಗಿಸಿ ವಿಮರ್ಶೆ ಮಾಡುವ ಸಭೆಯಾಗಿದ್ದರೆ ಆ ಹುಡುಗಿ ಬರುತ್ತಲೇ ಇರಲಿಲ್ಲ. ಹಾಗೆಯೇ, ಆ ಕಾದಂಬರಿಯ ಗುತ್ತಿಯ ನಾಯಿ ಹುಲಿಯನಿಗೆ ಮುಂದೆ ಏನಾಗುತ್ತದೆಂದು ಅತಿ ಉತ್ಸಾಹದಲ್ಲಿ ಹೇಳಿಬಿಡುವವರೂ ಇರುತ್ತಾರೆ. ಅವರನ್ನು ಆ ಕ್ಷಣವೇ ತಡೆಯಬೇಕು, ವಯಸ್ಸು ನೋಡಬಾರದು.

ಗಟ್ಟಿಯಾಗಿ ಓದಿ ಎಂದೆನಲ್ಲ, ಅದಕ್ಕೆ ಕಾರಣವಿದೆ. ಕನ್ನಡದ ಕೆಲವು ಒಳ್ಳೆಯ ಪುಸ್ತಕಗಳು ಕಣ್ಣಿಗೆ ಗಟ್ಟಿ, ಕಿವಿಗೆ ಮೆದು. ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ನಂಜನಗೂಡಿನ ಕಡೆಯ ಆಡುಮಾತಿನಲ್ಲಿದೆ. ಅಚ್ಚಿನಲ್ಲಿ ನೋಡಿದವರಿಗೆ ಮೊದಲ ಪುಟವೇ ಗೋಡೆಯಂತೆ ಕಂಡರೂ, ಆ ಸೀಮೆಯವರೊಬ್ಬರು ಬಾಯಿಬಿಟ್ಟು ಓದಿದರೆ ದಾರಿ ತೆರೆಯುತ್ತದೆ. ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ' 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ನವಲಗುಂದದ ಸುತ್ತಲಿನ ಮಾತು. ಮೈಸೂರಿನ ಕೂಟದಲ್ಲಿ ಧಾರವಾಡ ಕಡೆಯಿಂದ ವರ್ಗವಾಗಿ ಬಂದ ಒಬ್ಬ ಬ್ಯಾಂಕ್ ನೌಕರರು ಇದ್ದರೆ ಅವರನ್ನು ಬಿಡಬೇಡಿ, ಅವರ ಬಾಯಿಂದ ಎರಡು ಪುಟ ಓದಿಸಿ.

ಓದುವುದು ನಿಲ್ಲಿಸಿ ಬಹಳ ವರ್ಷವಾದವರು ಕೂಟಕ್ಕೆ ಬರುತ್ತಾರೆ. 'ಕಾಲೇಜಿನಲ್ಲಿ ಓದುತ್ತಿದ್ದೆ, ಈಗ ಆಗುತ್ತಿಲ್ಲ' ಎನ್ನುತ್ತಾರೆ. ಅವರಿಗೆ ಭೈರಪ್ಪನವರ 'ಪರ್ವ'ದಂಥ ದೊಡ್ಡ ಕಾದಂಬರಿ ಕೊಡಬೇಡಿ. ತೇಜಸ್ವಿಯವರ 'ಕರ್ವಾಲೋ' (1980) ಕೊಡಿ. ಹಾರುವ ಓತಿಯ ಬೆನ್ನು ಹತ್ತಿದ ಆ ಸಣ್ಣ ಕಾದಂಬರಿ ಎಂಥವರನ್ನೂ ಎಳೆದುಕೊಂಡು ಹೋಗುತ್ತದೆ. ಅಥವಾ ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೊಡಿ, ಒಂದು ಸಂಜೆಗೆ ಮುಗಿಯುತ್ತದೆ, ಮುಗಿದ ಮೇಲೆ ಒಂದು ವಾರ ಬಿಡುವುದಿಲ್ಲ. ಇಂಗ್ಲಿಷಿನಲ್ಲೇ ಓದಿ ಅಭ್ಯಾಸವಾಗಿ ಕನ್ನಡ ಓದು ನಿಧಾನವಾದ ಮಕ್ಕಳೂ ಮನೆಗಳಲ್ಲಿ ಇದ್ದಾರೆ. ಅವರಿಗೊಂದು ಉಪಾಯ ಇದೆ. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಆಗಿ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಮಗಳು ಅದನ್ನು ಇಂಗ್ಲಿಷಿನಲ್ಲಿ ಓದಲಿ, ತಾಯಿ 'ಎದೆಯ ಹಣತೆ' ಕಥೆಯನ್ನು ಕನ್ನಡದಲ್ಲಿ ಓದಲಿ. ಇಬ್ಬರೂ ಒಂದೇ ಸಂಜೆ ಒಂದೇ ಕಥೆಯ ಬಗ್ಗೆ ಮಾತಾಡಿದರೆ ಆ ದಿನ ಉಳಿದವರಿಗೆ ಮಾತಾಡುವ ಸರದಿ ಬರುವುದೇ ಅನುಮಾನ.

ಕೇಳಿದ್ದು ಓದಿದ್ದಾಗುತ್ತದೆಯೇ ಎಂಬ ತಕರಾರು ಒಮ್ಮೆಯಾದರೂ ಏಳುತ್ತದೆ. ಕಣ್ಣು ಮಂಜಾದ ಹಿರಿಯರು, ಬಸ್ಸಿನಲ್ಲಿ ಎರಡು ಗಂಟೆ ಕಳೆಯುವ ನೌಕರಿಯವರು ಈಗ ಆಡಿಯೊ ಪುಸ್ತಕ ಕೇಳುತ್ತಾರೆ. ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಕನ್ನಡದ ಇ-ಪುಸ್ತಕಗಳೂ ಆಡಿಯೊ ಪುಸ್ತಕಗಳೂ ಸಿಗುತ್ತವೆ, ಹೊರನಾಡಿನ ಕನ್ನಡಿಗರಿಗಂತೂ ಅಂಚೆ ಖರ್ಚಿಲ್ಲದೆ ಪುಸ್ತಕ ಸಿಗುವ ದಾರಿ ಇದು. ನನ್ನ ಉತ್ತರ ಸರಳ. ಹದಿನೈದನೇ ಶತಮಾನದ ಕುಮಾರವ್ಯಾಸನನ್ನು ನಮ್ಮ ಜನ ಶತಮಾನಗಳ ಕಾಲ ಕೇಳಿಯೇ ಬಲ್ಲವರಾದರು. ಗಮಕಿ ವಾಚಿಸಬೇಕು, ಪಕ್ಕದಲ್ಲಿ ವ್ಯಾಖ್ಯಾನಕಾರರು ಬಿಡಿಸಿ ಹೇಳಬೇಕು, ಊರು ಕೂತು ಕೇಳಬೇಕು. ಅಕ್ಷರ ಬಾರದ ಅಜ್ಜಿಯರು ಕರ್ಣನ ಪರವಾಗಿ ವಾದ ಮಾಡುತ್ತಿದ್ದರು. ಅವರನ್ನು ಓದುಗರಲ್ಲ ಎಂದು ಹೊರಗಿಡುವ ಕೂಟ ನಮಗೆ ಬೇಡ.

ಕೂಟ ಕೆಡಿಸುವವರು

ಕೂಟ ಕೆಡಿಸುವವರು ದುಷ್ಟರೇನಲ್ಲ, ಉತ್ಸಾಹಿಗಳೇ. ಮೊದಲನೆಯವರು ನಿವೃತ್ತ ಅಧ್ಯಾಪಕರು: ಐದು ನಿಮಿಷ ಎಂದರೆ ಪೀಠಿಕೆಗೇ ಸಾಲುವುದಿಲ್ಲ. ಅವರಿಗಾಗಿ ಮೇಜಿನ ಮೇಲೆ ಅಲಾರಂ ಇಟ್ಟ ಫೋನು ಇರಲಿ, ಅದು ಎಲ್ಲರಿಗೂ ಒಂದೇ ರೀತಿ ಹೊಡೆಯಲಿ. ಎರಡನೆಯವರು ಕವಿಗಳು. 'ನಾನೀಗ ಓದುತ್ತಿರುವುದು ನನ್ನದೇ ಹೊಸ ಸಂಕಲನ' ಎಂದು ಚೀಲದಿಂದ ಹತ್ತು ಪ್ರತಿ ತೆಗೆಯುತ್ತಾರೆ. ಸ್ವಂತ ಪುಸ್ತಕ ಇಲ್ಲಿ ನಿಷಿದ್ಧ ಎಂದು ಆಹ್ವಾನದಲ್ಲೇ ಬರೆಯಿರಿ, ಮುಖ ನೋಡಿ ಹೇಳುವ ಕಷ್ಟ ತಪ್ಪುತ್ತದೆ. ಮೂರನೆಯವರು ಪಟ್ಟಿಯವರು. ತಿಂಗಳಿಗೆ ಎಂಟು ಪುಸ್ತಕ ಓದಿದ್ದಾಗಿ ಹೇಳಿ ಉಳಿದವರ ಬಾಯಿ ಕಟ್ಟಿಸುತ್ತಾರೆ. ಅವರಿಗೂ ಒಂದೇ ಪುಸ್ತಕ, ಒಂದೇ ಪ್ಯಾರಾ.

ಬಾಯಿ ಬಿಡದೆ ಕೂರುವವರೂ ಇರುತ್ತಾರೆ, ಅವರನ್ನು ಒತ್ತಾಯಿಸಬೇಡಿ. ಪುಸ್ತಕದ ಮುಖಪುಟ ಎತ್ತಿ ತೋರಿಸಿ, ಹೆಸರು ಹೇಳಿ ಕೂತರೂ ಸಾಕು. ಕೆಲವು ತಿಂಗಳು ಹಾಗೆ ಕೂತವರು ಒಂದು ದಿನ ತಾವಾಗಿಯೇ ಮಾತಾಡುತ್ತಾರೆ. ಬಿಟ್ಟ ಪುಸ್ತಕದ ಬಗ್ಗೆ ಹೇಳಲೂ ಅವಕಾಶ ಇರಲಿ. ಎಷ್ಟನೇ ಪುಟದಲ್ಲಿ, ಯಾಕೆ ಬಿಟ್ಟಿರಿ ಎಂಬ ಮಾತು ಹೊಗಳಿಕೆಗಿಂತ ಹೆಚ್ಚು ಉಪಯೋಗದ್ದು.

ಮಕ್ಕಳನ್ನು ಸೇರಿಸಿಕೊಳ್ಳುವುದಾದರೆ ಮೊದಲ ಅರ್ಧ ಗಂಟೆ ಅವರದು. ಚಿತ್ರ ತೋರಿಸಲಿ, ಎರಡು ಪುಟ ಓದಲಿ, ಆಟಕ್ಕೆ ಓಡಲಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿ ಹಂಚುವುದಕ್ಕೂ ಪರವಾನಗಿ ಇದೆ. ಮನೆಯ ಅಟ್ಟದಲ್ಲಿ 'ಭಾರತ ಭಾರತಿ' ಮಾಲೆಯ ಪುಟ್ಟ ಪುಸ್ತಕಗಳು ಉಳಿದಿದ್ದರೆ ಇಳಿಸಿ.

ದಾಖಲೆ, ಎರವಲು, ಪಿಡಿಎಫ್

ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಳ್ಳಿ. ದಿನಾಂಕ, ಓದುಗರು, ಪುಸ್ತಕ, ಎಷ್ಟನೇ ಪುಟ, ಪ್ರತಿ ಯಾರದು: ಇಷ್ಟು ಕಾಲಂ ಸಾಕು. ಮುಂದಿನ ತಿಂಗಳು ಅದೇ ಪುಸ್ತಕದ ಮುಂದಿನ ಪುಟಸಂಖ್ಯೆ ಬರೆಯಬಹುದು, ಅದಕ್ಕೆ ನಾಚಿಕೆಯಿಲ್ಲ. ಭೈರಪ್ಪನವರ 'ಪರ್ವ' (1979) ಆರು ತಿಂಗಳು ಒಬ್ಬರ ಹೆಸರಿನ ಮುಂದೆ ಇರಲಿ. ವರ್ಷ ಕಳೆದ ಮೇಲೆ ಆ ನೋಟ್‌ಬುಕ್ ಹಿಡಿದುಕೊಂಡು ಗ್ರಂಥಾಲಯಕ್ಕೆ ಹೋದರೆ 'ನಮ್ಮ ಬಡಾವಣೆಯವರು ಕೇಳುತ್ತಿರುವ ಪುಸ್ತಕಗಳು ಇವು' ಎಂದು ತೋರಿಸಿ ಕೇಳಬಹುದು.

'ಪ್ರತಿ ಯಾರದು' ಕಾಲಂ ಏಕೆ ಬೇಕೆಂದು ಪುಸ್ತಕ ಕೊಟ್ಟು ಕಳೆದುಕೊಂಡವರಿಗೆ ಹೇಳಬೇಕಿಲ್ಲ. ತಾಳೆಗರಿ ಪ್ರತಿ ಮಾಡುತ್ತಿದ್ದ ಲಿಪಿಕಾರರು ಕೊನೆಯಲ್ಲಿ ಸಂಸ್ಕೃತ ಶ್ಲೋಕಗಳನ್ನು ಬರೆದಿಡುತ್ತಿದ್ದ ಪದ್ಧತಿ ಇತ್ತು: ಬೆನ್ನು, ಸೊಂಟ, ಕುತ್ತಿಗೆ ಮುರಿದುಕೊಂಡು ಬರೆದಿದ್ದೇನೆ, ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖರ ಕೈಗೆ ಕೊಡಬೇಡಿ ಎಂಬರ್ಥದ್ದು. ಈಗಲೂ ನಿಯಮ ಅಷ್ಟೇ. ಎರವಲು ಒಬ್ಬರಿಗೆ ಒಂದೇ ಪುಸ್ತಕ, ಮುಂದಿನ ಕೂಟದಲ್ಲಿ ವಾಪಸು ಅಥವಾ ಪುಟಸಂಖ್ಯೆ ಹೇಳಿ ಇನ್ನೊಂದು ತಿಂಗಳು. ಪುಟ ಮಡಚಿದವರಿಗೆ ಮುಂದಿನ ಬಾರಿ ಎರವಲು ಇಲ್ಲ.

ವಾಟ್ಸ್‌ಆ್ಯಪ್ ಗುಂಪು ಬೇಡವೆಂದರೂ ಆಗಿಯೇ ಆಗುತ್ತದೆ. ಶುಭೋದಯದ ಹೂವಿನ ಚಿತ್ರಕ್ಕೆ ಅಲ್ಲಿ ಜಾಗವಿಲ್ಲ. ವಾರಕ್ಕೊಮ್ಮೆ, ಭಾನುವಾರ ಸಂಜೆ, ಪುಸ್ತಕದ ಹೆಸರು ಮತ್ತು ಪುಟಸಂಖ್ಯೆ ಬರೆದರೆ ಸಾಕು. ದೊಡ್ಡ ಅಪಾಯ ಪಿಡಿಎಫ್. ಯಾರೋ ಒಬ್ಬರು ಇಡೀ ಕಾದಂಬರಿಯ ಸ್ಕ್ಯಾನ್ ಹಾಕುತ್ತಾರೆ, ಉಳಿದವರು ಕೈಮುಗಿಯುತ್ತಾರೆ. ಸಾವಿರ ಪ್ರತಿ ಅಚ್ಚಾಗುವ ಭಾಷೆಯಲ್ಲಿ ನೂರು ಜನ ಹಾಗೆ ಓದಿದರೆ ಪ್ರಕಾಶಕರ ಲೆಕ್ಕಕ್ಕೆ ಅದು ಸಣ್ಣ ಪೆಟ್ಟಲ್ಲ. ಕಾನೂನೂ ಸ್ಪಷ್ಟವಾಗಿದೆ: ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಲೆಕ್ಕ ಮರುವರ್ಷದ ಜನವರಿಯಿಂದ. ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರು 1942ರಲ್ಲಿ ತೀರಿಕೊಂಡವರು, ಅವರ ಕಾದಂಬರಿಗಳನ್ನು ನಿಶ್ಚಿಂತೆಯಿಂದ ಹಂಚಿ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರಿಂದ ಮುಕ್ತವಾಗಿವೆ. ಆದರೆ 1975ರಲ್ಲಿ ತೀರಿಕೊಂಡ ಡಿವಿಜಿಯವರ 'ಮಂಕುತಿಮ್ಮನ ಕಗ್ಗ', ದಿನಕ್ಕೊಂದರಂತೆ ಎಲ್ಲ ಗುಂಪುಗಳಲ್ಲೂ ಓಡಾಡುತ್ತಿದ್ದರೂ, 2035ರ ಕೊನೆಯವರೆಗೆ ಹಕ್ಕುಸ್ವಾಮ್ಯದಲ್ಲೇ ಇದೆ. ಅನುವಾದಗಳಿಗೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ.

ದಿನ ಗೊತ್ತುಮಾಡುವುದು ಕೊನೆಯ ಕೆಲಸ. ತಿಂಗಳ ಎರಡನೇ ಭಾನುವಾರ ಸಂಜೆ ನಾಲ್ಕೂವರೆ ಎಂದರೆ ಅದೇ. ಎಲ್ಲರ ಅನುಕೂಲ ಕೇಳಿ ಪ್ರತಿ ಸಲ ಬದಲಾಯಿಸಲು ಹೋದರೆ ದಿನ ಸಿಗುವುದೇ ಇಲ್ಲ. ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್-ಮೇನಲ್ಲಿ ಮದುವೆ, ಮಲೆನಾಡಾದರೆ ಜುಲೈನಲ್ಲಿ ಮಳೆ. ಮೂರೇ ಜನ ಬಂದರೂ ಅಲಾರಂ ಇಟ್ಟು ಶುರುಮಾಡಿ, ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ. ಮಳೆಯ ಕಾಟವಿಲ್ಲದ ಊರಿನವರಿಗೆ ಶುರುಮಾಡಲು ಆಷಾಢ ಒಳ್ಳೆಯ ತಿಂಗಳು, ಆಗ ಮದುವೆಯ ಕರೆಯೋಲೆಗಳು ಇರುವುದಿಲ್ಲ.